ಸಂತನ ಪಾದದ ಕೆಳಗಿನ ಅಕ್ಷರ

ಅಮೆರಿಕದ ಡ್ಯಾನ್‌ವಿಲ್‌ನ ಡಾಕ್ಟರ್ ವ್ಯಾಸರಾಜ ಟರ್ಕಿ ನೋಡಿಕೊಂಡು ಬಂದವನು, ೧೯೮೬ರ ಬೇಸಿಗೆಯಲ್ಲಿ ಒಂದು ಶನಿವಾರ ಪರಿಚಯದ ಕನ್ನಡದವರನ್ನೆಲ್ಲ ಊಟಕ್ಕೆ ಕರೆದ. ಊಟಕ್ಕೆ ಮೊದಲು ಸ್ಲೈಡ್ ಶೋ ಇದೆಯೆಂದು ಗೊತ್ತಿದ್ದವರು ತಡವಾಗಿ ಬಂದರು. ಪಕ್ಕದ ಮನೆಯ ಎಲೆನಿ ಮಾತ್ರ ಎಲ್ಲರಿಗಿಂತ ಮುಂಚೆ ಬಂದು ಮುಂದಿನ ಕುರ್ಚಿ ಹಿಡಿದಳು. ಗ್ರೀಕ್ ಮೂಲದ ಅವಳ ಅಜ್ಜಿ ಟರ್ಕಿಯ ಕಪಡೋಕಿಯ ಸೀಮೆಯವಳು. ಅಲ್ಲಿಯ ಕ್ರೈಸ್ತರೆಲ್ಲ ಊರು ಬಿಡಬೇಕಾಗಿ ಬಂದಾಗ ಹೊರಬಿದ್ದವಳು. ಆ ಸೀಮೆಯ ಚರ್ಚುಗಳ ಬಗ್ಗೆ ಎಲೆನಿ ಕೇಳಿದ್ದಳೇ ಹೊರತು ನೋಡಿರಲಿಲ್ಲ.

"ಇದು ಕಪಡೋಕಿಯದ ಚರ್ಚು. ಕಟ್ಟಿದ್ದಲ್ಲ, ಬಂಡೆಯೊಳಗೇ ಕೊರೆದದ್ದು," ಎಂದು ವ್ಯಾಸರಾಜ ಶುರು ಮಾಡಿದ. "ಕಂಬ, ಕಮಾನು, ಗುಮ್ಮಟ ಎಲ್ಲಾ ಒಂದೇ ಕಲ್ಲು. ನಮ್ಮ ಬಾದಾಮಿ ಥರ."

ಚರ್ಚಿನ ಗೋಡೆ ತುಂಬ ಬೈಜಾಂಟಿಯಮ್ ಕಾಲದ ಚಿತ್ರಗಳು. ಕಡುನೀಲಿಯಲ್ಲಿ ಕ್ರಿಸ್ತ, ಕುದುರೆ ಏರಿದ ಸಂತರು. ಎಷ್ಟೋ ಮುಖಗಳ ಕಣ್ಣನ್ನು ಯಾರೋ ಕೆರೆದು ಹಾಕಿದ್ದರು.

"ಎಂಥಾ ಅನಾಗರಿಕರು ನೋಡಿ! ಸಾವಿರ ವರ್ಷದ ಕಲೆ. ಕಣ್ಣು ಕಿತ್ತಿದ್ದು ಸಾಲದು ಅಂತ ಹೆಸರು ಬೇರೆ ಕೆತ್ತಿ ಹೋಗಿದ್ದಾರೆ."

ಹಾಗೆನ್ನುತ್ತಲೇ ಮುಂದಿನ ಸ್ಲೈಡು ಒತ್ತಿದ. ಸಂತನೊಬ್ಬನ ಪಾದದ ಕೆಳಗೆ ಹೊಸದಾಗಿ ಗೀಚಿದ ಬಿಳಿ ಅಕ್ಷರಗಳು ಪರದೆಯ ಮೇಲೆ ಮೊಳದುದ್ದ ಮೂಡಿದವು. ಕನ್ನಡದವರೆಲ್ಲ ಮನಸ್ಸಿನಲ್ಲೇ ಓದಿಕೊಂಡರು: ವ್ಯಾಸರಾಜ – ಪದ್ಮಜಾ. ಯಾರೋ ಕೆಮ್ಮಿದರು.

ಎಲೆನಿ ಎದ್ದು ಪರದೆಯ ಹತ್ತಿರ ಹೋದಳು. "ಎಷ್ಟು ದುಂಡಗಿನ ಲಿಪಿ! ಗ್ರೀಕ್ ಅಲ್ಲ. ಜಾರ್ಜಿಯಾ ದೇಶದ್ದಾ?"

"ಇರಬಹುದು," ಎಂದ ವ್ಯಾಸರಾಜ. "ಬಹಳ ಹಳೇದು."

"ತೆಗೀಬೇಡಿ, ಒಂದು ನಿಮಿಷ. ಪಾಪ, ಯಾವನೋ ಯಾತ್ರಿಕ. ಎಷ್ಟು ದೂರದಿಂದ ನಡೆದು ಬಂದಿದ್ದನೋ, ಏನು ಹರಕೆ ಹೊತ್ತಿದ್ದನೋ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಪದ್ಮಜಾಗೆ ಇನ್ನು ತಡೆಯಲಾಗಲಿಲ್ಲ. ಆ ಚರ್ಚು ನೋಡಲು ಹೋದ ದಿನ ತಲೆನೋವೆಂದು ಅವಳು ಬಸ್ಸಿನಲ್ಲೇ ಕೂತಿದ್ದಳು. ಈ ಅಕ್ಷರಗಳನ್ನು ನೋಡುತ್ತಿದ್ದದ್ದು ಈಗಲೇ.

"ಎಲೆನಿ, ಅದು ಕನ್ನಡ. ಎರಡನೆಯದು ನನ್ನ ಹೆಸರು. ಬರೆದವರು ಇವರು."

ತಮಾಷೆಯೆಂದು ಎಲೆನಿ ನಕ್ಕಳು. ವ್ಯಾಸರಾಜನ ಮುಖ ನೋಡಿ ನಗು ನಿಂತಿತು.

"ನನ್ನಜ್ಜಿಗೆ ಓದು ಬರಹ ಬರುತ್ತಿರಲಿಲ್ಲ," ಎಂದಳು ಕೊನೆಗೆ. "ಬಂದಿದ್ದರೆ ಅವಳೂ ಒಂದು ಗುರುತು ಬಿಟ್ಟು ಬರುತ್ತಿದ್ದಳೋ ಏನೋ." ಊಟಕ್ಕೆ ನಿಲ್ಲದೆ ಹೊರಟುಹೋದಳು.

"ಎಲ್ಲರೆದುರು ಮಾನ ಕಳೆದೆಯಲ್ಲೇ," ಎಂದು ವ್ಯಾಸರಾಜ ಅಡುಗೆಮನೆಗೆ ಬಂದು ಪಿಸುಗುಟ್ಟಿದ.

"ನಾನಾ ಕಳೆದದ್ದು?" ಪದ್ಮಜಾಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಗಂಡ ತಾನಾಗಿ ಹೆಂಡತಿಯ ಹೆಸರು ಬರೆದದ್ದು ಇಷ್ಟು ವರ್ಷದಲ್ಲಿ ಆ ಗೋಡೆಯ ಮೇಲೊಂದೇ ಎಂದು ಹೊಳೆದು, ಆ ಸಿಟ್ಟಿನಲ್ಲೂ ಕೆನ್ನೆ ಬೆಚ್ಚಗಾಯಿತು. ಅದಕ್ಕೆ ಇನ್ನಷ್ಟು ಸಿಟ್ಟು ಬಂತು.

ಅಷ್ಟರಲ್ಲಿ ಸ್ಯಾನ್ ಮಟಿಯೋದ ಜಯರಾಮ್ ತಟ್ಟೆ ಹಿಡಿದು ಒಳಬಂದ. ಕನ್ನಡಿಗರ ಸಂಘಕ್ಕೆ ಆ ವರ್ಷ ಅವನೇ ಅಧ್ಯಕ್ಷ.

"ಡಾಕ್ಟ್ರೇ, ಆ ಸ್ಲೈಡು ನನಗೆ ಕೊಡ್ಬೇಕು. ರಾಜ್ಯೋತ್ಸವದ ಸಂಚಿಕೆ ಕವರಿಗೆ. ಎಲ್ಲೋ ಟರ್ಕಿಯ ಗುಹೆಯಲ್ಲಿ ನಮ್ಮ ಕನ್ನಡ ಅಂದ್ರೆ ಸುಮ್ನೆನಾ?"

ವ್ಯಾಸರಾಜನ ಮುಖ ಅರಳಿತು. ಪದ್ಮಜಾ ಜಯರಾಮನಿಗೆ ಇನ್ನೊಂದು ಸೌಟು ಬಿಸಿಬೇಳೆಬಾತ್ ಬಡಿಸಿ, "ನನ್ನ ಹೆಸರು ಕತ್ತರಿಸಿ ಹಾಕ್ಕೊಳ್ಳಿ," ಎಂದಳು.

ನವೆಂಬರಿನಲ್ಲಿ ಸಂಚಿಕೆ ಬಂತು. ಕವರಿನಲ್ಲಿ ಜಾಗ ಸಾಲದೆ ಸಂತನನ್ನೂ ಕತ್ತರಿಸಿದ್ದರು. ಉಳಿದದ್ದು ವ್ಯಾಸರಾಜ ಒಬ್ಬನೇ.