ಹದಿನಾಲ್ಕನೇ ಬಿಲ್ಲೆ

ಏಳನೇ ಕೋಣೆಯಲ್ಲಿ ಹುಡುಕಲು ಇದ್ದದ್ದಾದರೂ ಎಷ್ಟು? ಎರಡು ಮಂಚ, ನಡುವೆ ಒಬ್ಬರು ಅಡ್ಡಡ್ಡ ನಡೆಯುವಷ್ಟು ಸಂದು, ಮೂರು ಕೊಕ್ಕೆ, ಒಂದು ದುಂಡು ಕಿಟಕಿ, ಮೊಣಕಾಲಿನಿಂದ ನೂಕಿದರಷ್ಟೇ ತೆರೆಯುವ ಬಚ್ಚಲ ಬಾಗಿಲು. ಅತ್ತಿಗೆ ಬಚ್ಚಲನ್ನು ಎರಡು ಸಲ ನೋಡಿದಳು. ಆಮೇಲೆ ಮಂಚದ ಕೆಳಗೂ ಬಗ್ಗಿದಳು. ಅರವತ್ತರ ನಾದಿನಿ ಮಂಚದ ಕೆಳಗೆ ಯಾಕೆ ಹೋಗುತ್ತಾಳೆ ಎಂದು ಯಾರಾದರೂ ಕೇಳಿದ್ದರೆ ಉತ್ತರವಿರಲಿಲ್ಲ. ತಲೆ ಕೆಟ್ಟಾಗ ಕಣ್ಣಿಗೆ ಇಂಥ ಜಾಗಗಳೇ ಬೀಳುವುದು.

ಹಡಗು ಹೊರಟು ಇಪ್ಪತ್ತು ನಿಮಿಷವಾಗಿತ್ತು. ಹಡಗು ಎನ್ನುವುದೂ ಹೆಸರಿಗೆ ಮಾತ್ರ. ದೊಡ್ಡ ದೋಣಿಗೆ ಮಹಡಿ ಕಟ್ಟಿದ ಹಾಗಿತ್ತು. ಹನ್ನೆರಡು ಕೋಣೆ, ಇಪ್ಪತ್ತನಾಲ್ಕು ಜನ ಪ್ರಯಾಣಿಕರು. ಸಮುದ್ರ ನೆಲದೊಳಕ್ಕೆ ನುಗ್ಗಿದ ಕಡೆಯಲ್ಲೆಲ್ಲ ಅದೂ ಮೆಲ್ಲಗೆ ನುಸುಳಿ ಹೋಗುತ್ತಿತ್ತು. ಹಕ್ಕಿಗೋ ಆಮೆಗೋ ನೀರುನಾಯಿಗೋ ಎಂದು ಸರ್ಕಾರ ಕಾದಿಟ್ಟ ಜಾಗ ಬಂದರೆ ಲಂಗರು ಹಾಕಿ, ಜನರನ್ನು ರಬ್ಬರ್ ದೋಣಿಗಳಲ್ಲಿ ಇಳಿಸಿ, ನೋಡಿಯಾದ ಮೇಲೆ ಮತ್ತೆ ಹತ್ತಿಸಿಕೊಳ್ಳುತ್ತಿತ್ತು. ಇಷ್ಟು ಪುಟ್ಟ ಹಡಗಿನಲ್ಲಿ ಅಷ್ಟು ದೊಡ್ಡ ಗಂಟಲಿನ ನಾದಿನಿ ಎಲ್ಲಿ ಕಳೆದುಹೋದಾಳು? ಅತ್ತಿಗೆಗೆ ತಲೆಬುಡ ತಿಳಿಯಲಿಲ್ಲ.

ಈ ಪ್ರವಾಸಕ್ಕೆ ಟಿಕೆಟ್ ತೆಗೆಸಿದ್ದು ಅತ್ತಿಗೆಯ ಯಜಮಾನರು. ನಲವತ್ತು ವರ್ಷ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಗಡಿಯಾರ ರಿಪೇರಿ ಮಾಡಿದ ಮನುಷ್ಯ, ಅಂಗಡಿ ಮುಚ್ಚಿದ ವಾರವೇ ಎರಡು ಟಿಕೆಟ್ ತಂದು ಮೇಜಿನ ಮೇಲಿಟ್ಟಿದ್ದರು. ಆಮೇಲೊಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ಹಾಗೇ ಕುಸಿದರು, ಮತ್ತೆ ಏಳಲಿಲ್ಲ. ಎಂಟು ತಿಂಗಳಾಯಿತು. ಅತ್ತಿಗೆ ಟಿಕೆಟ್ ವಾಪಸು ಮಾಡಲು ಹೊರಟಾಗ ಅಡ್ಡ ಬಂದವಳು ನಾದಿನಿ, ಅವರ ಒಬ್ಬಳೇ ತಂಗಿ.

"ಅಣ್ಣನ ಜಾಗದಲ್ಲಿ ನಾನು ಬರ್ತೀನಿ. ನೀವು ಗೋಡೆ ನೋಡ್ಕೊಂಡು ಕೂತಿದ್ದು ಸಾಕು ಅತ್ತಿಗೆ, ಗೋಡೆಗೂ ಬೇಜಾರಾಗಿರುತ್ತೆ."

ಹೀಗೆ ಬಂದಿದ್ದರು. ಮದುವೆಯಾಗದೆ ಅಣ್ಣನ ಮನೆಯಲ್ಲೇ ಉಳಿದು, ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡಿ ನಿವೃತ್ತಳಾದ ನಾದಿನಿಗೂ, ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡ ಅತ್ತಿಗೆಗೂ ಮೂವತ್ತನಾಲ್ಕು ವರ್ಷ ಎಣ್ಣೆ ಸೀಗೇಕಾಯಿ. ಒಬ್ಬಳು ತೆರೆದ ಕಿಟಕಿಯನ್ನು ಇನ್ನೊಬ್ಬಳು ಮುಚ್ಚುವುದು. ನಡುವೆ ಕೂತು ಇಬ್ಬರ ಮಾತಿಗೂ ತಲೆಯಾಡಿಸುತ್ತಿದ್ದವರು ಅವರು. ಈಗ ತಲೆಯಾಡಿಸುವವರಿಲ್ಲದೆ ಜಗಳವೂ ರುಚಿಗೆಟ್ಟಿತ್ತು.

ಕೋಣೆಯಿಂದ ಹೊರಬಂದ ಅತ್ತಿಗೆ ಊಟದ ಹಾಲಿಗೆ ಹೋದಳು, ಅಡುಗೆಯವನ ಕಿಂಡಿಯಲ್ಲಿ ಇಣುಕಿದಳು, ಕಿರಿದಾದ ಮೆಟ್ಟಿಲು ಹತ್ತಿ ಮೇಲಿನ ಅಟ್ಟಕ್ಕೂ ಹೋದಳು. ಅಲ್ಲಿ ದೂರದರ್ಶಕ ಹಿಡಿದು ಕೂತಿದ್ದ ನಿವೃತ್ತ ದಂತವೈದ್ಯರು, "ಈಗ ತಾನೇ ಇಲ್ಲೇ ಇದ್ರಲ್ಲ, ಹುಲ್ಲಿನ ಟೋಪಿ ಹಾಕ್ಕೊಂಡು" ಎಂದರು. ಅತ್ತಿಗೆಗೆ ಹೋದ ಜೀವ ಬಂತು. ಕೆಳಗಿಳಿದರೆ ಹುಲ್ಲಿನ ಟೋಪಿ ಸಿಕ್ಕಿತು, ಟೋಪಿಯ ಅಡಿಯಲ್ಲಿ ದಂತವೈದ್ಯರ ಹೆಂಡತಿಯೇ ಇದ್ದರು. ಬಂದ ಜೀವ ಮತ್ತೆ ಹೋಯಿತು.

ಕೊನೆಗೆ ಕ್ಯಾಪ್ಟನ್ ಹತ್ತಿರ ಹೋಗಿ ನಿಂತಳು. ಆತ ದಪ್ಪ ಹುಬ್ಬಿನ, ಸಮಾಧಾನದ ಮನುಷ್ಯ. ಆಕೆಯನ್ನು ನೇರ ಬಿಲ್ಲೆ ಹಲಗೆಯ ಮುಂದೆ ಕರೆದೊಯ್ದ.

ಈ ಹಡಗಿನ ಲೆಕ್ಕವೆಲ್ಲ ಆ ಹಲಗೆಯದೇ. ರಬ್ಬರ್ ದೋಣಿಯಿಂದ ಮೆಟ್ಟಿಲು ಹತ್ತಿ ಬಂದ ಕೂಡಲೇ ಎದುರಿಗೆ ಇಪ್ಪತ್ತನಾಲ್ಕು ಮೊಳೆ, ಒಂದೊಂದಕ್ಕೂ ಒಂದು ದುಂಡು ಬಿಲ್ಲೆ. ಒಂದು ಮುಖ ಕೆಂಪು, ಇನ್ನೊಂದು ಹಸಿರು. ಇಳಿಯುವಾಗ ನಿಮ್ಮ ನಂಬರಿನ ಬಿಲ್ಲೆಯನ್ನು ಕೆಂಪಿಗೆ ತಿರುಗಿಸಬೇಕು, ಹತ್ತಿದ ಮೇಲೆ ಹಸಿರಿಗೆ. ಒಂದೇ ಒಂದು ಕೆಂಪು ಉಳಿದಿದ್ದರೂ ಹಡಗು ಕದಲುವುದಿಲ್ಲ. ಏಳನೇ ಕೋಣೆಗೆ ಹದಿಮೂರು, ಹದಿನಾಲ್ಕು. ಮೊದಲ ದಿನ ಇದನ್ನೆಲ್ಲ ವಿವರಿಸುವಾಗ ನಾದಿನಿ ಆಕಳಿಸಿದ್ದಳು.

"ನೋಡಿ ಅಮ್ಮ, ಎಲ್ಲಾ ಹಸಿರು. ಹದಿನಾಲ್ಕೂ ಹಸಿರು. ಅಂದ್ಮೇಲೆ ಅವರು ಹಡಗಲ್ಲೇ ಇದ್ದಾರೆ. ಎಲ್ಲೋ ಮೂಲೆಯಲ್ಲಿ ನಿದ್ದೆ ಹೋಗಿರಬೇಕು."

"ಅವಳು ಹಗಲು ಮಲಗೋಳಲ್ಲ."

"ನಿಮ್ಮ ಜೊತೇನೇ ಬಂದ್ರಾ?"

"ಹೂಂ. ಇಬ್ಬರೂ ಒಟ್ಟಿಗೇ ಹತ್ತಿದ್ವಿ" ಎಂದಳು ಅತ್ತಿಗೆ. ಅಂದ ಮೇಲೆ, ಇದೇನು ಹೇಳಿದೆ ಎಂದು ತನಗೇ ಗಲಿಬಿಲಿಯಾಯಿತು.

ಯಾಕೆಂದರೆ ಇನ್ನೊಂದೂ ಅಷ್ಟೇ ಚೆನ್ನಾಗಿ ನೆನಪಿತ್ತು. ಬೆಳಿಗ್ಗೆ ಇಳಿದದ್ದು ಅಳಿವೆಯ ನಡುವಿನ ಮರಳ ದಿಬ್ಬಕ್ಕೆ. ನೀರು ಇಳಿದಾಗ ಮೂರು ಗಂಟೆ ಹೊತ್ತು ತಲೆಯೆತ್ತುತ್ತದೆ, ಉಬ್ಬರ ಬಂದರೆ ಮುಳುಗುತ್ತದೆ. ಆಚೆ ತುದಿಯಲ್ಲಿ ಒಂದಿಷ್ಟು ಪೊದೆ, ಬಿದ್ದ ಮರ. ಪ್ರಾಣಿಪಕ್ಷಿ ತೋರಿಸುವ ಗೈಡ್, ನಾದಿನಿಯ ಬಾಯಲ್ಲಿ ಆತ 'ಹಕ್ಕಿ ಮೇಷ್ಟ್ರು', "ಅಲುಗಾಡದೆ, ಮಾತಾಡದೆ ಕೂತ್ರೆ ನೀರುನಾಯಿ ತಾನಾಗೇ ಬರುತ್ತೆ" ಎಂದಿದ್ದ. ಮಾತಾಡದೆ ಕೂರುವುದು ನಾದಿನಿಯ ಜಾಯಮಾನವೇ ಅಲ್ಲ. ಆದರೂ ಪೊದೆಯ ಹಿಂದೆ ಕಲ್ಲಿನಂತೆ ಕೂತಿದ್ದಳು. ಮಂಡಿ ನೋವಿನ ಅತ್ತಿಗೆ ಎರಡನೇ ದೋಣಿಗೆ ಹೋಗೋಣವೆಂದು ಕರೆದಾಗ, ತಿರುಗಿಯೂ ನೋಡದೆ ಕೈ ಬೀಸಿ, "ನೀವು ಹೋಗಿ, ನಾ ಆಮೇಲೆ ಬರ್ತೀನಿ" ಎಂದು ಪಿಸುಗುಟ್ಟಿದ್ದಳು.

ಹಾಗಾದರೆ ಒಟ್ಟಿಗೆ ಹತ್ತಿದ್ದು? ಅದೂ ಸುಳ್ಳಲ್ಲ. ಇಬ್ಬರೂ ಬಂದೆವು ಎಂಬ ನೆಮ್ಮದಿ ಮೈಗೆ ಇನ್ನೂ ಅಂಟಿಕೊಂಡಿತ್ತು. ಆ ನೆಮ್ಮದಿಯಲ್ಲೇ ಅಲ್ಲವೆ ಊಟದ ಹಾಲಿನಲ್ಲಿ ಕೂತು ಆರಾಮಾಗಿ ಕಾಫಿ ಕುಡಿದದ್ದು? ಎರಡು ನೆನಪು, ಎರಡೂ ಗಟ್ಟಿ, ಒಂದಕ್ಕೊಂದು ತಾಳೆಯಿಲ್ಲ. ತನಗೆ ಮರುಳು ಹಿಡಿಯಿತೋ ಏನೋ ಎಂದು ಅತ್ತಿಗೆ ಕಂಬಿ ಹಿಡಿದುಕೊಂಡಳು.

ಕ್ಯಾಪ್ಟನ್ ಹಡಗು ನಿಲ್ಲಿಸಿ ಎಲ್ಲ ಕೋಣೆಯ ಬಾಗಿಲು ತಟ್ಟಿಸಿದ. ಎಂಜಿನ್ ಮನೆ, ಸಾಮಾನಿನ ಕೋಣೆ, ಹಗ್ಗದ ಪೆಟ್ಟಿಗೆ ಸಮೇತ ನೋಡಿಯಾಯಿತು. ಹಕ್ಕಿ ಮೇಷ್ಟ್ರ ಮುಖ ಸುಣ್ಣವಾಗಿತ್ತು. "ಕೊನೇ ದೋಣಿ ಬಿಡೋ ಮುಂಚೆ ವಾಕಿಟಾಕಿಯಲ್ಲಿ ಕೇಳ್ದೆ. ಹಲಗೇಲಿ ಇನ್ನು ಏಳು ಕೆಂಪು ಅಂದ್ರು. ಏಳು ಜನ ಹತ್ತಿದ್ರು. ಅದಕ್ಕೇ ಪೊದೆ ಹಿಂದೆ ನೋಡ್ಲಿಲ್ಲ."

"ಹಾಗಾದ್ರೆ ಹದಿನಾಲ್ಕನ್ನ ತಿರುಗಿಸಿದ್ದು ಯಾರು?" ಎಂದ ಕ್ಯಾಪ್ಟನ್.

ಅತ್ತಿಗೆ ತನ್ನ ಬಲಗೈ ನೋಡಿಕೊಂಡಳು. ಬಿಲ್ಲೆಯ ನುಣುಪು ಬೆರಳಿಗೆ ನೆನಪಿತ್ತು. ಒಂದಲ್ಲ, ಎರಡು. ಟಪ್, ಟಪ್.

"ನಾನು" ಎಂದಳು. "ನಾನೇ ತಿರುಗಿಸ್ದೆ. ಎರಡನ್ನೂ."

"ಅವರು ಬರದೆ ಇದ್ರೂ?"

"ಹೂಂ."

"ಯಾಕಮ್ಮಾ?"

"ಗೊತ್ತಿಲ್ಲ" ಎಂದಳು. ನಿಜವಾಗಿಯೂ ಗೊತ್ತಿರಲಿಲ್ಲ. ಕ್ಯಾಪ್ಟನ್ ಗಡಿಯಾರ ನೋಡಿದ, ನೀರು ನೋಡಿದ, ದೋಣಿ ಇಳಿಸಿ ಎಂದು ಕೂಗಿದ. ಆ ಕಿರಿದಾದ ಕಾಲುವೆಯಲ್ಲಿ ಹಡಗು ತಿರುಗಿಸುವ ಹೊತ್ತಿಗೆ ದಿಬ್ಬ ಮುಳುಗಿಹೋಗಿರುತ್ತದೆ ಎಂದು ಆತ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಮಂಡಿ ನೋವು ಎಲ್ಲಿ ಹೋಯಿತೋ, ಬೇಡ ಬೇಡವೆಂದರೂ ಅತ್ತಿಗೆ ದೋಣಿಗೆ ಇಳಿದೇ ಬಿಟ್ಟಳು. ದೋಣಿಯವ ಎಂಜಿನ್ ಎಳೆದ. ಎರಡೂ ಬದಿ ನೀರಲ್ಲಿ ಬೇರು ಇಳಿಬಿಟ್ಟ ಮರಗಳು, ಒಂದರಂತೆ ಇನ್ನೊಂದು. ಯಾವ ತಿರುವು ಎಲ್ಲಿಗೆ ಹೋಗುತ್ತದೆಂದೇ ಆಕೆಗೆ ತಿಳಿಯಲಿಲ್ಲ. ಬೆಳ್ಳಕ್ಕಿಗಳು ಏನೂ ಆಗಿಲ್ಲವೆಂಬಂತೆ ಒಂಟಿಕಾಲಲ್ಲಿ ನಿಂತಿದ್ದವು. ಅವುಗಳ ಮೇಲೂ ಸಿಟ್ಟು ಬಂತು.

ನಾದಿನಿಗೆ ಈಜು ಬರುವುದಿಲ್ಲ. ಲೈಫ್ ಜಾಕೆಟ್ ಇದೆ, ಸರಿ. ಆದರೆ ಸೆಖೆಯೆಂದು ಬಿಚ್ಚಿ ಕೂತಿದ್ದಳಲ್ಲ? ಬಿಚ್ಚಿದ್ದಳೆ? ಅದೂ ನಿನ್ನೆಯೋ ಇವತ್ತೋ? ಅತ್ತಿಗೆಗೆ ಈಗ ಯಾವ ನೆನಪಿನ ಮೇಲೂ ನಂಬಿಕೆ ಉಳಿದಿರಲಿಲ್ಲ.

ದೋಣಿಯವ ಬೆಳಿಗ್ಗೆ ಆಕೆಯನ್ನು ಕರೆತಂದವನೇ. ಸ್ವಲ್ಪ ದೂರ ಹೋದ ಮೇಲೆ ಹಿಂಜರಿಯುತ್ತಾ ಬಾಯಿಬಿಟ್ಟ.

"ತಪ್ಪು ತಿಳ್ಕೋಬೇಡಿ ಅಮ್ಮ. ಬೆಳಿಗ್ಗೆ ಮೆಟ್ಟಿಲು ಹತ್ತೋವಾಗ ಯಾರ ಜೊತೆ ಮಾತಾಡಿದ್ರಿ? ಹಿಂದೆ ತಿರುಗಿ 'ಜಾರುತ್ತೆ, ಮೆಲ್ಲಗೆ ಬನ್ನಿ' ಅಂದ್ರಿ. ನನಗೇ ಹೇಳಿದ್ರೇನೋ ಅಂದ್ಕೊಂಡೆ. ಆದ್ರೆ ನಾನು ಕೆಳಗೆ ದೋಣೀಲೇ ಇದ್ದೆ. ನಿಮ್ಮ ಹಿಂದೆ ಯಾರೂ ಇರ್ಲಿಲ್ಲ."

ಅತ್ತಿಗೆಗೆ ಎಂಜಿನ್ನಿನ ಸದ್ದು ಎಲ್ಲೋ ದೂರ ಹೋದಂತಾಯಿತು.

ಹಿಂದೆ ಇದ್ದವರು ಅವರು, ಯಜಮಾನರು. ಬಸ್ಸಾಗಲಿ, ರೈಲಾಗಲಿ, ಮದುವೆ ಮನೆಯ ಮೆಟ್ಟಿಲಾಗಲಿ, ಮೂವತ್ತನಾಲ್ಕು ವರ್ಷ ಅವರು ನಾಲ್ಕು ಹೆಜ್ಜೆ ಹಿಂದೆ. ಟಿಕೆಟ್ ತೋರಿಸುವುದು, ಹೆಸರು ಬರೆಸುವುದು, ಚಪ್ಪಲಿ ಬಿಟ್ಟ ಜಾಗ ನೆನಪಿಡುವುದು ಎಲ್ಲ ಇವಳದ್ದು. ಯಾವ ಕೆಲಸವಿದ್ದರೂ ಇಬ್ಬರ ಪಾಲಿನದೂ ತಾನೇ ಮಾಡಿ ಮುಂದೆ ಹೋಗುವುದೇ ಅಭ್ಯಾಸ. ಬೆಳಿಗ್ಗೆ ತಿರುಗಿಸಿದ ಎರಡನೇ ಬಿಲ್ಲೆ ನಾದಿನಿಯದಾಗಿರಲೇ ಇಲ್ಲ. ಅವರು ಬಂದರು, ಬಿಲ್ಲೆ ತಿರುಗಿತು, ಅತ್ತಿಗೆ ಕಾಫಿಗೆ ಕೂತಳು. ಅಷ್ಟು ಹೊತ್ತು ಅವರು ಬದುಕಿದ್ದರು. ಅದರ ಬೆಲೆಯನ್ನು ಅಲ್ಲಿ ಅವರ ತಂಗಿ ತೆರುತ್ತಿದ್ದಾಳೆ.

ದಿಬ್ಬ ಇದ್ದ ಜಾಗಕ್ಕೆ ಬಂದರೆ ದಿಬ್ಬವಿಲ್ಲ. ಬರೀ ನೀರು, ನಡುವೆ ಪೊದೆಗಳ ತುದಿ. ದೋಣಿಯವ ವೇಗ ತಗ್ಗಿಸಿ ಎದ್ದು ನಿಂತ. ಅತ್ತಿಗೆ ನಾದಿನಿಯ ಹೆಸರು ಹಿಡಿದು ಕೂಗಿದಳು, ಮನೆಯಲ್ಲಿ ಯಾವತ್ತೂ ಅಷ್ಟು ಗಟ್ಟಿಯಾಗಿ ಕೂಗಿದ್ದಿಲ್ಲ. ಉತ್ತರವಿಲ್ಲ. ಇನ್ನೊಮ್ಮೆ ಕೂಗಿದಳು, ಈ ಸಲ ಗಂಟಲು ಒಡೆಯಿತು.

"ಕಿವಿ ಕೇಳ್ಸುತ್ತೆ! ಈ ಕಡೆ ನೋಡಿ!"

ಬಿದ್ದ ಮರದ ಬೊಡ್ಡೆಯ ಮೇಲೆ, ಮೊಣಕಾಲುದ್ದ ನೀರಲ್ಲಿ, ಒಂದು ಕೈಯಲ್ಲಿ ಕೊಂಬೆ, ಇನ್ನೊಂದರಲ್ಲಿ ಎರಡೂ ಬೂಟು ಹಿಡಿದು ನಾದಿನಿ ನಿಂತಿದ್ದಳು. ಲೈಫ್ ಜಾಕೆಟ್ ಗಲ್ಲದವರೆಗೆ ಬಿಗಿದಿತ್ತು. ದೋಣಿಯವ ಎಳೆದುಕೊಂಡ. ದೋಣಿಯೊಳಗೆ ಬಿದ್ದವಳು ಉಸಿರು ಸಿಕ್ಕಿದ ಕೂಡಲೇ ಶುರು ಹಚ್ಚಿಕೊಂಡಳು.

"ಎಣಿಸೋಕೂ ಬರಲ್ವಾ ನಿಮಗೆ? ಇಪ್ಪತ್ತನಾಲ್ಕೇ ತಲೆ! ಬಿಲ್ಲೆ ತಿರುಗದೆ ಹಡಗು ಕದಲಲ್ಲ ಅಂತ ಅಷ್ಟುದ್ದ ಭಾಷಣ ಬಿಗಿದ್ರಲ್ಲ! ಅದನ್ನೇ ನಂಬ್ಕೊಂಡು ಕೂತಿದ್ದೆ ನಾನು!"

ದೋಣಿಯವ ತಲೆ ತಗ್ಗಿಸಿದ. ಅವನಿಗೆ ಆ ಬೈಗುಳ ಸಲ್ಲಬಾರದು.

"ತಿರುಗಿಸಿದ್ದು ನಾನು" ಎಂದಳು ಅತ್ತಿಗೆ.

ನಾದಿನಿ ಆಕೆಯನ್ನೇ ನೋಡಿದಳು. ಸಿಟ್ಟು ಇಳಿದುಹೋಗಿ, ಅದರ ಜಾಗದಲ್ಲಿ ಬೇರೇನೋ ಬಂತು. ಅದನ್ನು ನೋಡಲು ಅತ್ತಿಗೆಗೆ ಆಗಲಿಲ್ಲ.

"ನೀವಾ? ನಾನಿನ್ನೂ ಅಲ್ಲೇ ಕೂತಿರೋದು ಗೊತ್ತಿದ್ದೂ?" ದನಿ ಸಣ್ಣದಾಯಿತು. "ಅಣ್ಣ ಹೋದ್ಮೇಲೆ ನಾನು ಆ ಮನೆಗೆ ಏನಾಗ್ಬೇಕು ಅಂತ ನನಗೂ ಗೊತ್ತಾಗ್ತಿಲ್ಲ ಅತ್ತಿಗೆ. ಬೇಡ ಅಂದ್ರೆ ಬಾಯಲ್ಲೇ ಹೇಳ್ಬಹುದಿತ್ತಲ್ಲ."

"ನಿಂದು ತಿರುಗಿಸ್ಲಿಲ್ಲ ಕಣೇ!" ಅತ್ತಿಗೆ ಅವಳ ಒದ್ದೆ ಮುಂಗೈ ಹಿಡಿದುಕೊಂಡಳು. "ನಿಮ್ಮಣ್ಣಂದು ತಿರುಗಿಸ್ದೆ."

ನಾದಿನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೂ ಅವಳು ಕೇಳಿದ ಪ್ರಶ್ನೆ ಯಾರೂ ಕೇಳುವಂಥದ್ದಲ್ಲ.

"ಹತ್ತಿದ್ನಾ ಅವನು?"

"ನನ್ನ ಹಿಂದೇನೇ ಇದ್ರು. ಮೆಲ್ಲಗೆ ಬನ್ನಿ ಅಂತಾನೂ ಅಂದೆ."

"ತಂಗಿ ಬಂದ್ಳಾ ಅಂತ ಒಂದು ಮಾತು ಕೇಳ್ಲಿಲ್ವಾ?"

"ಇಲ್ಲ."

"ಯಾವತ್ತೂ ಹಾಗೇ ಅವನು" ಎಂದು ನಾದಿನಿ ನಕ್ಕಳು. ನಗು ಅರ್ಧಕ್ಕೇ ದಾರಿ ತಪ್ಪಿತು. ಕೈಯಲ್ಲಿದ್ದ ಬೂಟುಗಳನ್ನು ಎದೆಗವಚಿಕೊಂಡು, ಮುಖ ಮುಚ್ಚಿಕೊಳ್ಳಲೂ ಕೈ ಬಿಡುವಿಲ್ಲದೆ, ಹಾಗೇ ಅತ್ತಳು. ಅತ್ತಿಗೆ ತನ್ನ ಸೆರಗಿನಿಂದ ಅವಳ ಕಾಲು ಒರೆಸತೊಡಗಿದಳು. ಒರೆಸಿದಷ್ಟೂ ನೀರು ಇಳಿಯುತ್ತಲೇ ಇತ್ತು.

"ಅವರು ಇನ್ನು ಬರಲ್ಲ ಕಣೇ" ಎಂದಳು ಅತ್ತಿಗೆ, ಯಾರೋ ಆಗ ತಾನೇ ಬಂದು ಸುದ್ದಿ ಹೇಳಿಹೋದಂತೆ. "ನನಗೆ ಇವತ್ತು ಗೊತ್ತಾಯ್ತು."

ದೋಣಿಯವ ಎಂಜಿನ್ ಎಳೆಯಲು ಹಗ್ಗ ಹಿಡಿದವನು ಬಿಟ್ಟು, ಸುಮ್ಮನೆ ಆಚೆ ನೋಡುತ್ತಾ ಕಾದ.