ಭಾವನ ಬಂಕಿನ ಪೆಟ್ರೋಲು

ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಇಂಜಿನ್ನಿನ ಮೇಲಿಟ್ಟು, ಹಿಡಿಯನ್ನು ಕಿವಿಗೊತ್ತಿ ಕಣ್ಣು ಮುಚ್ಚಿ ನಿಂತರೆ ಸಾಕು, ಒಳಗೆ ಯಾವುದು ಕೆಟ್ಟಿದೆಯೆಂದು ಅವನಿಗೆ ತಿಳಿಯುತ್ತಿತ್ತು. ಅದಕ್ಕೇ ಊರಿನವರು ಆ ಮೆಕ್ಯಾನಿಕ್‌ಗೆ ಕಿವಿಯಣ್ಣ ಎಂದು ಹೆಸರಿಟ್ಟಿದ್ದರು. ಹೆಂಡತಿ ಮಾತ್ರ, "ಆ ಕಿವೀನ ಗ್ಯಾರೇಜಲ್ಲೇ ಬಿಟ್ಟು ಬರ್ತಾರೆ. ಮನೇಲಿ ಮೂರು ಸಲ ಕೂಗಿದ್ರೂ ಓಗೊಡಲ್ಲ" ಎಂದು ನಗುತ್ತಿದ್ದಳು.

ಒಂದು ಬೆಳಿಗ್ಗೆ ಆಮೆ ತನ್ನ ಟ್ಯಾಕ್ಸಿ ತಂದು ನಿಲ್ಲಿಸಿದ. ನಲವತ್ತರ ಮೇಲೆ ಎಂದೂ ಓಡಿಸದ ಡ್ರೈವರ್ ಅವನು. ಹಿಂದಿನವರು ಎಷ್ಟು ಹಾರ್ನ್ ಹೊಡೆದರೂ ಜಗ್ಗುವ ಆಸಾಮಿಯಲ್ಲ. ಊರವರಿಟ್ಟ ಹೆಸರು ಅವನಿಗೇ ಇಷ್ಟವಾಗಿ ಹಿಂದಿನ ಗಾಜಿಗೆ ಆಮೆಯ ಚಿತ್ರ ಅಂಟಿಸಿಕೊಂಡಿದ್ದ.

"ನನ್ನ ಗಾಡಿ ಹಲ್ಲು ಕಡೀತಿದೆ ಕಿವಿಯಣ್ಣ. ಏನು ಸಿಟ್ಟೋ ನೋಡು."

ಕಿವಿಯಣ್ಣ ಬಾನೆಟ್ ಎತ್ತಿ ಇಂಜಿನ್ನಿಗೆ ಪೆಟ್ರೋಲು ಚಿಮ್ಮಿಸುವ ನಾಲ್ಕೂ ಇಂಜೆಕ್ಟರುಗಳ ಮೇಲೆ ಒಂದೊಂದಾಗಿ ಸ್ಕ್ರೂಡ್ರೈವರ್ ಇಟ್ಟ. ಒಂದು, ಎರಡು, ನಾಲ್ಕನೆಯವು ಗಡಿಯಾರದ ಹಾಗೆ ಮೆತ್ತಗೆ ಮಿಡಿಯುತ್ತಿದ್ದವು. ಮೂರನೆಯದು ಮಾತ್ರ ತಗಡಿಗೆ ಉಗುರು ಬಡಿದಂತೆ ಟಕಟಕ ಎನ್ನುತ್ತಿತ್ತು. ಒಂದೊಂದರ ವೈರನ್ನೂ ಕಿತ್ತು ನೋಡಿದ. ಬೇರೆಯವುಗಳ ವೈರು ಕಿತ್ತಾಗ ಇಂಜಿನ್ ಮುಗ್ಗರಿಸಿತು; ಮೂರನೆಯದನ್ನು ಕಿತ್ತಾಗ ಏನೂ ಆಗಲಿಲ್ಲ. ಅಂದರೆ ಅದು ಕೆಲಸವನ್ನೇ ಮಾಡುತ್ತಿರಲಿಲ್ಲ, ಬರೀ ಸದ್ದು. ಬಿಚ್ಚಿ ಪರೀಕ್ಷೆಯ ಯಂತ್ರಕ್ಕೆ ಸಿಕ್ಕಿಸಿದರೆ ಪೆಟ್ರೋಲು ಮಂಜಿನಂತೆ ಚಿಮ್ಮುವ ಬದಲು ಎರಡು ಹನಿ ತೊಟ್ಟಿಕ್ಕಿತು. ಮೂರು ವಾರದ ಹಿಂದಷ್ಟೇ ಹಾಕಿದ್ದ ಫಿಲ್ಟರನ್ನು ಕೊಯ್ದು ನೋಡಿದ. ಒಳಗೆ ಕೆಮ್ಮಣ್ಣಿನಂಥ ತುಕ್ಕು.

"ಪೆಟ್ರೋಲ್ ಎಲ್ಲಿ ಹಾಕಿಸ್ತೀಯ?"

"ಇದೊಳ್ಳೆ ಪ್ರಶ್ನೆ! ನಿಮ್ಮ ಭಾವನ ಬಂಕ್ ಬಿಟ್ರೆ ಊರಲ್ಲಿ ಇನ್ನೆಲ್ಲಿದೆ?"

ಆ ತಿಂಗಳಲ್ಲಿ ಇಂಥ ಸದ್ದು ಮಾಡಿಕೊಂಡು ಬಂದ ಐದನೆಯ ಕಾರು ಅದು. ಕಿವಿಯಣ್ಣ ಟ್ಯಾಂಕಿನಿಂದ ಒಂದು ಗಾಜಿನ ಬಾಟಲಿಯಷ್ಟು ಪೆಟ್ರೋಲು ಇಳಿಸಿ ಪಕ್ಕಕ್ಕಿಟ್ಟ. ಮಧ್ಯಾಹ್ನದ ಹೊತ್ತಿಗೆ ತಳದಲ್ಲಿ ಎರಡು ಬೆರಳು ನೀರು ನಿಂತಿತ್ತು. ಮೇಲೆ ಪೆಟ್ರೋಲು, ಕೆಳಗೆ ನೀರು, ನಡುವೆ ಸ್ಕೇಲಿಟ್ಟು ಎಳೆದಂಥ ಗೆರೆ.

"ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿಯೋಕೆ ಬಿಡಬೇಡ. ತಳದ ಕೊಳೆಯೆಲ್ಲ ಎಳ್ಕೊಳತ್ತೆ. ಫಿಲ್ಟರ್ ತಿಂಗಳಿಗೊಂದು ಬದಲಾಯಿಸು. ಸದ್ದು ಶುರುವಾದ ದಿನಾನೇ ಬಾ" ಎಂದು ಆಮೆಗೆ ಹೇಳಿ ಕಳಿಸಿದ. ಬಾಟಲಿಯಲ್ಲಿ ನೀರಿದ್ದ ಮಾತು ಮಾತ್ರ ಎತ್ತಲಿಲ್ಲ.

ಸಂಜೆ ಬಾಟಲಿ ಹಿಡಿದು ಬಂಕಿಗೆ ಹೋದ. ಭಾವ ಕೆಟ್ಟ ಮನುಷ್ಯನಲ್ಲ. ಅಪ್ಪ ಅಮ್ಮ ಹೋದ ಮೇಲೆ ಕಿವಿಯಣ್ಣನನ್ನು ಮನೆಯಲ್ಲಿಟ್ಟುಕೊಂಡು ಓದಿಸಿದವನು, ಮೊದಲ ಸ್ಪ್ಯಾನರ್ ಸೆಟ್ ಕೊಡಿಸಿದವನು. ಬಾಟಲಿಯನ್ನು ನೋಡಿದ ಕೂಡಲೇ ಭಾವನ ಮುಖ ಇಳಿಯಿತು.

"ಗೊತ್ತು ನನಗೆ. ನೆಲದಡಿ ಟ್ಯಾಂಕ್ ತುಕ್ಕು ತಿಂದು ತೂತಾಗಿದೆ. ನೀರು ಇಳೀತಿದೆ."

"ಬೇರೆ ಹಾಕಿಸ್ಬೇಕಲ್ಲ ಭಾವ."

"ಎರಡು ತಿಂಗಳು ಬಂಕ್ ಮುಚ್ಚಬೇಕು. ಮುಚ್ಚಿದ್ರೆ ಕಂಪನಿಯವ್ರು ಇನ್ಯಾರಿಗೋ ಕೊಟ್ಬಿಡ್ತಾರೆ. ಈ ವಯಸ್ಸಲ್ಲಿ ನಾನೆಲ್ಲಿ ಹೋಗ್ಲಿ, ನೀನೇ ಹೇಳು."

ಅಲ್ಲೇ ಇದ್ದ ಅಕ್ಕ ಕಿವಿಯಣ್ಣನನ್ನು ಆಚೆ ಕರೆದಳು. "ಬೇರೆಯವ್ರು ಹೇಳಿದ್ರೆ ಗಾಳಿಮಾತು ಅಂತಾರೆ. ನೀನು ಹೇಳಿದ್ರೆ ಊರೇ ನಂಬತ್ತೆ. ಅದಕ್ಕೇ ಕೇಳ್ಕೋತಿದ್ದೀನಿ ಕಣೋ. ಸ್ವಲ್ಪ ದಿನ ಸುಮ್ಮನಿರು. ಏನಾದ್ರೂ ದಾರಿ ಹುಡುಕ್ತಾರೆ."

ಅವನು ಆಗಲಿ ಎಂದು ತಲೆಯಾಡಿಸಿದ.

ಮೂರು ತಿಂಗಳು ಕಳೆಯಿತು. ದಾರಿ ಯಾರೂ ಹುಡುಕಲಿಲ್ಲ. ಸದ್ದು ಮಾಡುವ ಕಾರುಗಳು ಬರುತ್ತಲೇ ಇದ್ದವು. ಅವನು ಇಂಜೆಕ್ಟರು ಬಿಚ್ಚಿ, ತೊಳೆದು, ಹಾಕಿ, ಅದೇ ಬುದ್ಧಿಮಾತು ಹೇಳಿ ಕಳಿಸುತ್ತಲೇ ಇದ್ದ. ಜನ ಥ್ಯಾಂಕ್ಸ್ ಹೇಳಿದಾಗ ಅವನಿಗೆ ಮುಖ ಎತ್ತಲಾಗುತ್ತಿರಲಿಲ್ಲ. ಊಟಕ್ಕೆ ಕೂತವನು ಅರ್ಧಕ್ಕೇ ಎದ್ದುಬಿಡುತ್ತಿದ್ದ. ಹೆಂಡತಿ ಏನೆಂದು ಕೇಳಿದರೆ ಕೆಲಸ ಜಾಸ್ತಿ ಎನ್ನುತ್ತಿದ್ದ.

ಆಮೆಯ ಇಂಜೆಕ್ಟರುಗಳನ್ನು ಎರಡನೆಯ ಸಲ ತೊಳೆದುಕೊಟ್ಟು ವಾರವಾಗಿರಲಿಲ್ಲ. ಸೇತುವೆಯ ಏರಿನಲ್ಲಿ, ಹಾಡಹಗಲಲ್ಲಿ, ಅವನ ಟ್ಯಾಕ್ಸಿ ಇದ್ದಕ್ಕಿದ್ದಂತೆ ಉಸಿರು ನಿಲ್ಲಿಸಿತು. ಹಿಂದಿದ್ದ ಲಾರಿಗೆ ಬ್ರೇಕ್ ಹಿಡಿಯಲು ಜಾಗವಿರಲಿಲ್ಲ. ಟ್ಯಾಕ್ಸಿಯಲ್ಲಿ ಬೇರೆ ಯಾರೂ ಇರಲಿಲ್ಲ. ಆಮೆ ಬದುಕಿಕೊಂಡ, ಆದರೆ ಬಲಗಾಲನ್ನು ಮೊಣಕಾಲಿನ ಮೇಲೆ ಕತ್ತರಿಸಬೇಕಾಯಿತು.

ನಾಲ್ಕನೆಯ ದಿನ ಕಿವಿಯಣ್ಣ ಆಸ್ಪತ್ರೆಗೆ ಹೋದ. ಹೊದಿಕೆ ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಚಪ್ಪಟೆಯಾಗಿ ಮಲಗಿತ್ತು. ಎಲ್ಲಿ ನೋಡಬೇಕೆಂದು ತಿಳಿಯದೆ ಕಿಟಕಿ ನೋಡಿದ.

"ತಪ್ಪು ನನ್ನದೇ ಕಿವಿಯಣ್ಣ" ಎಂದ ಆಮೆ. ಬಾಯಿ ಒಣಗಿತ್ತು. "ಅರ್ಧಕ್ಕಿಂತ ಕೆಳಗೆ ಬಿಡಬೇಡ ಅಂತ ಬಡ್ಕೊಂಡಿದ್ದೆ ನೀನು. ಅವತ್ತು ಪೆಟ್ರೋಲ್ ಮುಳ್ಳು ಕೆಳಗಿತ್ತು. ಬಂದು ಹಾಕಿಸಿದ್ರಾಯ್ತು ಅಂತ ಉದಾಸೀನ ಮಾಡ್ದೆ."

ಹೌದು ಎಂದುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಕಿವಿಯಣ್ಣನಿಗೆ ಅದು ಆಗಲಿಲ್ಲ.

"ನಿನ್ನ ತಪ್ಪಲ್ಲ. ಪೆಟ್ರೋಲಲ್ಲಿ ನೀರಿತ್ತು. ಬಂಕಿನ ಟ್ಯಾಂಕೇ ತೂತಾಗಿದೆ."

ಆಮೆ ದಿಂಬಿನಿಂದ ತಲೆಯೆತ್ತಿದ. "ನಿನಗೆ ಯಾವಾಗ ಗೊತ್ತಾಯ್ತು?"

"ಮೊದಲನೇ ಸಲ ನೀನು ಬಂದಾಗ."

ಆಮೆ ಗೋಡೆಯ ಕಡೆ ಮುಖ ತಿರುಗಿಸಿದ. ಆಮೇಲೆ ಒಂದೇ ಒಂದು ಮಾತಾಡಿದ: "ಹೋಗು."

ಮರುದಿನವೇ ಕಿವಿಯಣ್ಣ ಸರ್ಕಾರಿ ಕಚೇರಿಗೆ ದೂರು ಬರೆದುಕೊಟ್ಟ. ತಪಾಸಣೆಯವರು ಬರಲು ಹತ್ತು ದಿನ ಹಿಡಿಯಿತು. ಅಷ್ಟರಲ್ಲಿ ಭಾವ ತಳದ ನೀರೆಲ್ಲ ಪಂಪು ಹಚ್ಚಿ ತೆಗೆಸಿ ಹೊಸ ಲೋಡು ಇಳಿಸಿದ್ದ. ಬಾಟಲಿಗೆ ಹಿಡಿದ ಪೆಟ್ರೋಲು ಕನ್ನಡಿಯಂತಿತ್ತು. ಎಲ್ಲ ಸರಿಯಿದೆ ಎಂದು ಬರೆದು ಸೀಲು ಒತ್ತಿ ಹೋದರು.

ಊರು ತನ್ನ ತೀರ್ಪು ಕೊಟ್ಟಿತು. ಅಪಘಾತಕ್ಕೆ ವಾರ ಮುಂಚೆ ಇಂಜೆಕ್ಟರು ಮುಟ್ಟಿದವನು ಯಾರು? ತಾನೇ ಕೆಲಸ ಕೆಡಿಸಿದ, ಈಗ ಸಾಕಿದವರ ತಲೆಗೇ ಕಟ್ಟುತ್ತಿದ್ದಾನೆ. ಅಲ್ಲ, ಅಷ್ಟು ದಿನದಿಂದ ಗೊತ್ತಿದ್ದರೆ ಆಗಲೇ ಯಾಕೆ ಹೇಳಲಿಲ್ಲ?

ಅಕ್ಕ ಒಂದೇ ಸಲ ಗ್ಯಾರೇಜಿಗೆ ಬಂದಳು. ಒಳಗೆ ಬರದೆ ಶಟರಿನ ಕೆಳಗೇ ನಿಂತಳು.

"ನಿಮ್ಮ ಭಾವ ಊಟ ಬಿಟ್ಟಿದ್ದಾರೆ. ಈಗ ಸಮಾಧಾನ ಆಯ್ತಾ ನಿನಗೆ?"

"ಒಬ್ಬನ ಕಾಲು ಹೋಯ್ತಕ್ಕ."

"ಅದು ಹೋಗೋಕೆ ಮುಂಚೆ ನಿನಗೆ ಬಾಯಿರಲಿಲ್ವಾ?"

"ನೀನೇ ಕೇಳ್ಕೊಂಡೆ, ಸುಮ್ಮನಿರು ಅಂತ."

"ಕೇಳ್ಕೊಂಡೆ" ಎಂದಳು. ಕಣ್ಣು ತುಂಬಿ ಬಂತು. "ಹೆಂಡತಿ ನಾನು, ಕೇಳ್ಕೊಂಡೆ. ನೀನ್ಯಾಕೆ ಒಪ್ಪಿದೆ?"

ಸೆರಗಿನಲ್ಲಿ ಮುಖ ಒರೆಸಿಕೊಂಡು ಹೋದವಳು ಮತ್ತೆ ಬರಲಿಲ್ಲ.

ತಿಂಗಳೊಪ್ಪತ್ತಿನಲ್ಲಿ ನೆಲದಡಿ ಮತ್ತೆ ನೀರು ತುಂಬಿತು. ಶಾಲೆಯ ಹೆಡ್‌ಮಿಸ್ ತಮ್ಮ ಪುಟ್ಟ ಕಾರು ತಂದು ನಿಲ್ಲಿಸಿದಾಗ, ಸ್ಕ್ರೂಡ್ರೈವರ್ ಇಡುವ ಮೊದಲೇ ಕಿವಿಯಣ್ಣನಿಗೆ ಟಕಟಕ ಕೇಳಿಸಿತು. ಈ ಸಲ ಅವನು ಏನನ್ನೂ ನುಂಗಿಕೊಳ್ಳಲಿಲ್ಲ.

"ಆ ಬಂಕಲ್ಲಿ ಹಾಕಿಸ್ಬೇಡಿ ಮೇಡಂ. ಪೆಟ್ರೋಲಲ್ಲಿ ನೀರಿದೆ."

"ಸರ್ಕಾರದವ್ರೇ ನೋಡಿ ಸರಿ ಇದೆ ಅಂದ್ರಲ್ಲಪ್ಪ" ಎಂದರು ಅವರು, ಮಕ್ಕಳಿಗೆ ಹೇಳುವಷ್ಟೇ ಸಮಾಧಾನದಿಂದ. "ಅಲ್ಲದೆ ಇನ್ನೆಲ್ಲಿ ಹಾಕಿಸ್ಲಿ? ಮುಂದಿನ ಬಂಕಿಗೆ ಹೋಗಿ ಬರೋಕೇ ಅರ್ಧ ಟ್ಯಾಂಕ್ ಬೇಕು. ನೀವು ತೊಳೆದುಕೊಡಿ, ಸಾಕು."

ಅವನು ತೊಳೆದುಕೊಟ್ಟ. ಇಂಜಿನ್ ಮೆತ್ತಗೆ ಮಿಡಿಯತೊಡಗಿತು. ಅವರಿಗೆ ಖುಷಿಯಾಯಿತು.

"ಇನ್ಮೇಲೆ ಸದ್ದು ಬರಲ್ಲ ತಾನೆ?"

"ಬರತ್ತೆ ಮೇಡಂ."

ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು ಅವರು ನಕ್ಕರು. ಮುಳ್ಳು ಕೆಳಗಿಳಿದಿತ್ತೇನೋ, ಕಾರು ರಸ್ತೆಗಿಳಿದು ನೇರ ಬಂಕಿನ ಕಡೆಗೇ ತಿರುಗಿತು.