ಎದ್ದು ನಿಲ್ಲುವ ಅಪ್ಪಣೆ

ಶೆಟಗೇರಿಯ ಸೋಮಿ ಹುಲ್ಲಿನ ಕುತ್ರಿಯ ಮೇಲಿಂದ ಜಾರಿ ಬಿದ್ದು ಬೆನ್ನುಮೂಳೆ ಮುರಿದುಕೊಂಡಿದ್ದಳು. ಕಾರವಾರದ ಆಸ್ಪತ್ರೆಯಲ್ಲಿ ಡಾಕ್ಟರು ಅವಳ ಬೆನ್ನನ್ನು ಉದ್ದಕ್ಕೆ ಸೀಳಲಿಲ್ಲ. ಮತ್ತಿನ ಮದ್ದು ಕೊಟ್ಟು, ಬೆರಳ ತುದಿಯಷ್ಟಗಲದ ಗಾಯಗಳನ್ನು ಮಾಡಿ, ಎಕ್ಸ್‌ರೇ ಪರದೆ ನೋಡುತ್ತಲೇ ಸ್ಕ್ರೂ, ಸರಳು ಕೂರಿಸಿದರು. ಅಲ್ಲಿಗೇ ಬಿಟ್ಟಿದ್ದರೆ ಸೋಮಿ ಕೈಮುಗಿಯುತ್ತಿದ್ದಳು. ಮರುದಿನ ಬೆಳಿಗ್ಗೆ ಬಂದವರೇ, "ಇವತ್ತು ಎದ್ದು ನಿಲ್ಲಬೇಕು" ಎಂದುಬಿಟ್ಟರು.

ಅವಳ ಜೀವ ಬಾಯಿಗೆ ಬಂತು.

ಅವಳ ಕಡೆಯಲ್ಲಿ ಮುರಿದ ಮೂಳೆಗೆ ಸೊಪ್ಪು ಅರೆದು ಕಟ್ಟಿದರೆ, ಕಟ್ಟಿದವರೇ ಬಿಚ್ಚುವ ತನಕ ಮಲಗಿರಬೇಕು. ಗುಣವಾಗುವವರಿಗೆ ಮಗ್ಗುಲು ಬದಲಿಸುವ ಹಕ್ಕೂ ಇಲ್ಲ. ಸೋದರಮಾವ ಮಾದು ತೆಂಗಿನ ಮರದಿಂದ ಬಿದ್ದಾಗ ಮಾತ್ರ ಕಟ್ಟು ಹಾಕುವ ಅಜ್ಜ ಮುಟ್ಟಿ ನೋಡಿ, "ಅವ ಹ್ಯಾಂಗೆ ಬೇಕಾರೂ ಇರ್ಲಿ, ಕೂರ್ಸಿ" ಅಂದಿದ್ದ. ಮಾದು ಸಾಯುವ ತನಕ ಜಗಲಿ ಬಿಟ್ಟು ಏಳಲಿಲ್ಲ. ಗುಣವಾಗುವುದಿಲ್ಲವೆಂದು ಕೈಬಿಟ್ಟವರಿಗಷ್ಟೇ ಸಿಗುವ ಆ ಅಪ್ಪಣೆ ಈಗ ತನಗೂ ಸಿಕ್ಕಿತಲ್ಲ!

"ನನ್ನ ಆಸೆ ಬಿಟ್ರು ಕಾಣ್ತದೆ," ಎಂದಳು ಗಂಡ ರಾಜುವಿಗೆ. "ಖರೇ ಹೇಳಿ, ಡಾಕ್ಟ್ರು ನಿಮ್ಮತ್ರ ಎಂತ ಅಂದ್ರು?"

ಅವನೂ ಅದೇ ಊರಿನವನು, ಅವನಿಗೂ ಅದೇ ಅನುಮಾನ. ಮುಖ ಆಚೆ ತಿರುಗಿಸಿದ. ಅದನ್ನು ಕಂಡು ಸೋಮಿಗೆ ಖಾತ್ರಿಯಾಯಿತು.

ನರ್ಸ್ ಮನಿಷಾ ಸೊಂಟದ ಬೆಲ್ಟು ಹಿಡಿದು ಬಂದಳು. "ಸೋಮಕ್ಕಾ, ಹೆದ್ರಬೇಡಿ. ಮೂಳೆ ಹಿಡ್ಕೊಳ್ಳೂಕೆ ಅಂತೇ ಸ್ಕ್ರೂ ಹಾಕೂದು. ಮಲಗೇ ಇದ್ರೆ ಕಾಲಿನ ಶಕ್ತಿ ಹೋಗ್ತದೆ. ಸ್ವಲ್ಪ ದಿನ ನೋವು ಇರ್ತದೆ. ಡಾಕ್ಟ್ರು ಹೇಳೂವರೆಗೆ ಭಾರ ಎತ್ತೂದು, ಬಗ್ಗೂದು ಬೇಡ, ಅಷ್ಟೇ."

ಅಷ್ಟೇ ಅಂತೆ! ಆಪರೇಷನ್ನಿನ ಮತ್ತು ಇಳಿಯುವಾಗ ಕಾಲ್ಬೆರಳು ಅಲ್ಲಾಡಿಸಿದ್ದಳೆಂದು ಎಲ್ಲರೂ ಹೇಳುತ್ತಿದ್ದರು. ಅವಳಿಗೆ ನೆನಪೇ ಇಲ್ಲ. ಆಮೇಲೆ ತಾನಾಗಿ ಅಲ್ಲಾಡಿಸಿ ನೋಡುವ ಧೈರ್ಯ ಬಂದಿರಲಿಲ್ಲ. ಮಲಗಿರುವಷ್ಟು ಹೊತ್ತು ಕಾಲಿನಲ್ಲಿ ಜೀವ ಇದೆ ಎಂದುಕೊಳ್ಳಬಹುದು. ಕೆಳಗಿಟ್ಟರೆ ಗೊತ್ತಾಗಿಯೇ ಹೋಗುತ್ತದೆ.

"ನಾಳೆ ನಿಲ್ತೆ," ಎಂದು ಅಂಗಲಾಚಿದಳು. ಮನಿಷಾ ಕೇಳಲಿಲ್ಲ. ಬೆಲ್ಟು ಬಿಗಿದು, ಇಡೀ ಮೈಯನ್ನು ಒಟ್ಟಿಗೇ ಮಗ್ಗುಲಿಗೆ ಹೊರಳಿಸಿ ಕೂರಿಸಿದಳು. ಬೆನ್ನಿನಲ್ಲಿ ನೋವು ಚಳಕ್ಕೆಂದಿತು. ರಾಜು ಒಂದು ಕಡೆ, ಮನಿಷಾ ಒಂದು ಕಡೆ. ಸೋಮಿ ಕಣ್ಣು ಬಿಗಿಯಾಗಿ ಮುಚ್ಚಿ ಕಾಲು ಇಳಿಬಿಟ್ಟಳು. ಮರುಕ್ಷಣ ಕಿರುಚಿಕೊಂಡಳು.

"ಎಂತಾಯ್ತೇ?" ರಾಜು ಗಾಬರಿಯಿಂದ ಕೇಳಿದ.

"ನೆಲ... ನೆಲ ತಂಪದೆ," ಎಂದವಳೇ ಗಳಗಳ ಅತ್ತಳು.

ಅವಳು ಗಟ್ಟಿಯಾಗಿ ನಿಂತ ಮೇಲೆ ರಾಜು ಮೆಲ್ಲನೆ ಕೈ ಬಿಡಿಸಿಕೊಂಡು, ಬಗ್ಗಿ, ನೆಲ ಮುಟ್ಟಿ ನೋಡಿದ. ಹೌದು, ತಂಪಾಗಿಯೇ ಇತ್ತು.